ಬರೋಕ್ ಸಂಗೀತವನ್ನು ಬಾಸ್‌ನಿಂದ ಮೇಲಕ್ಕೆ ಕೇಳುವ ಬಗೆ: ಹೊಸ ಕೇಳುಗರಿಗೊಂದು ಮಾರ್ಗದರ್ಶಿ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಚರಿತ್ರೆಯಲ್ಲಿ ಸುಮಾರು 1600ರಿಂದ 1750ರವರೆಗಿನ ಒಂದೂವರೆ ಶತಮಾನವನ್ನು ಬರೋಕ್ ಯುಗವೆಂದು ಕರೆಯುತ್ತಾರೆ. ಇಟಲಿಯ ಫ್ಲಾರೆನ್ಸ್‌ನಲ್ಲಿ ಮೊದಲ ಒಪೆರಾಗಳು ರೂಪುಗೊಂಡದ್ದು ಈ ಅವಧಿಯ ಒಂದು ತುದಿಯಾದರೆ, ಜರ್ಮನಿಯ ಲೈಪ್‌ಜಿಗ್‌ನಲ್ಲಿ ಯೋಹಾನ್ ಸೆಬಾಸ್ಟಿಯನ್ ಬಾಖ್ ತೀರಿಕೊಂಡ 1750 ಇನ್ನೊಂದು ತುದಿ. ಮೊಂಟೆವೆರ್ದಿ, ಕೊರೆಲ್ಲಿ, ವಿವಾಲ್ಡಿ, ಪರ್ಸೆಲ್, ಲುಲ್ಲಿ, ರಾಮೊ, ಟೆಲೆಮಾನ್, ಹ್ಯಾಂಡೆಲ್ ಮೊದಲಾದವರೆಲ್ಲ ಈ ಕಾಲದವರು. ಇವರ ಕೃತಿಗಳು ಇಂದು ಮೊಬೈಲಿನಲ್ಲೇ ಸಿಗುತ್ತವೆಯಾದರೂ, ಮೊದಲ ಬಾರಿಗೆ ಕೇಳುವವರಿಗೆ ಎಲ್ಲವೂ ಒಂದೇ ಬಗೆಯ ಚುರುಕಾದ ಪಿಟೀಲು ನಾದವಾಗಿ ಕೇಳಿಸಿ, ಎಲ್ಲಿ ಗಮನ ನಿಲ್ಲಿಸಬೇಕೆಂಬುದು ತಿಳಿಯದೆ ಹೋಗುವುದುಂಟು.

ಕರ್ನಾಟಕ ಸಂಗೀತವನ್ನೋ ಹಿಂದುಸ್ತಾನಿಯನ್ನೋ ಕೇಳಿ ಬೆಳೆದ ಕಿವಿಗೆ ಇಲ್ಲಿ ಒಂದು ನಿರ್ದಿಷ್ಟವಾದ ತೊಡಕಿದೆ. ನಮ್ಮ ಸಂಗೀತದಲ್ಲಿ ತಂಬೂರಿಯ ಷಡ್ಜ ಪಂಚಮಗಳು ಅಲುಗದೆ ನಿಂತಿರುತ್ತವೆ. ಚಲನೆಯೆಲ್ಲ ಮೇಲಿನ ಒಂದು ಸ್ವರಸಾಲಿನಲ್ಲಿರುತ್ತದೆ, ನಾವು ಅದನ್ನೇ ಹಿಡಿದು ಹೋಗುತ್ತೇವೆ. ಬರೋಕ್ ಸಂಗೀತದಲ್ಲಿ ತಳವೇ ನಡೆಯುತ್ತದೆ. ಕೆಳಗಿನ ಸ್ವರ ಬದಲಾದಂತೆ ಮೇಲಿನ ಅದೇ ಸ್ವರದ ಅರ್ಥವೂ ಬದಲಾಗುತ್ತದೆ. ಆದ್ದರಿಂದ ಈ ಸಂಗೀತವನ್ನು ಪ್ರವೇಶಿಸಲು ನಾನು ಸೂಚಿಸುವ ದಾರಿ ಒಂದೇ: ಮೇಲಿನ ರಾಗವನ್ನು ಸ್ವಲ್ಪ ಕಾಲ ಬದಿಗಿಟ್ಟು, ಬಾಸ್ ಎಂದು ಕರೆಯುವ ಅತ್ಯಂತ ಕೆಳಗಿನ ಸ್ವರಸಾಲನ್ನು ಮೊದಲು ಕೇಳಲು ಕಲಿಯುವುದು. ಮುಂದಿನ ಹೆಜ್ಜೆಗಳೆಲ್ಲ ಈ ಅಭ್ಯಾಸದ ಮೇಲೆ ನಿಂತಿವೆ, ಹಾಗಾಗಿ ಅವುಗಳನ್ನು ಕೊಟ್ಟಿರುವ ಕ್ರಮದಲ್ಲೇ ಅನುಸರಿಸುವುದು ಒಳ್ಳೆಯದು.

ಹೆಜ್ಜೆ 1: ಬಾಸ್ ಕೇಳಿಸುವಂತೆ ಮಾಡಿಕೊಳ್ಳಿ

ಮೊಬೈಲಿನ ಸ್ಪೀಕರ್ ಅತಿ ಕೆಳಗಿನ ಸ್ವರಗಳನ್ನು ಸರಿಯಾಗಿ ಹೊರಡಿಸಲಾರದು. ಚೆಲ್ಲೊ ವಾದ್ಯದ ಕೆಳತಂತಿಯ ನಾದ ಅದರಲ್ಲಿ ಬಹುಪಾಲು ಕಳೆದುಹೋಗುವುದರಿಂದ, ಈ ಸಂಗೀತದ ಅಡಿಪಾಯವೇ ಇಲ್ಲದಂತಾಗುತ್ತದೆ. ಸಾಧಾರಣ ಬೆಲೆಯದಾದರೂ ಸರಿ, ಕಿವಿಯನ್ನು ಮುಚ್ಚುವ ಹೆಡ್‌ಫೋನ್ ಅಥವಾ ಮನೆಯ ದೊಡ್ಡ ಸ್ಪೀಕರನ್ನು ಬಳಸಿ. ಕೆಲಸ ಮಾಡುತ್ತ ಕೇಳುವುದನ್ನು ಆರಂಭದ ದಿನಗಳಲ್ಲಿ ಬಿಟ್ಟು, ಐದಾರು ನಿಮಿಷಗಳ ಒಂದೇ ಕೃತಿಯನ್ನು ಕುಳಿತು ಎರಡು ಮೂರು ಬಾರಿ ಕೇಳಿ.

ಈ ಕಾಲದ ಬಹುತೇಕ ಎಲ್ಲ ಮೇಳಗಳಲ್ಲೂ ಬಾಸೊ ಕಂಟಿನುವೊ ಎಂಬ ವ್ಯವಸ್ಥೆಯಿರುತ್ತದೆ. ಸಂಯೋಜಕನು ಬಾಸ್ ಸಾಲನ್ನು ಮಾತ್ರ ಪೂರ್ತಿಯಾಗಿ ಬರೆದು, ಅದರ ಮೇಲೆ ಯಾವ ಸ್ವರಗಳು ಒಟ್ಟಾಗಿ ಮೊಳಗಬೇಕೆಂಬುದನ್ನು 6, 7, 4 ಮುಂತಾದ ಅಂಕಿಗಳಲ್ಲಿ ಸೂಚಿಸುತ್ತಾನೆ. ಚೆಲ್ಲೊ, ವಿಯೋಲ ದ ಗಾಂಬ ಅಥವಾ ಬಸೂನ್ ಆ ಬಾಸ್ ಸಾಲನ್ನು ನುಡಿಸುತ್ತದೆ. ಹಾರ್ಪ್ಸಿಕಾರ್ಡ್, ಆರ್ಗನ್ ಅಥವಾ ಥಿಯೋರ್ಬೊ (ಉದ್ದ ಕತ್ತಿನ ಮೀಟುವ ವಾದ್ಯ) ನುಡಿಸುವ ಕಲಾವಿದರು ಅಂಕಿಗಳನ್ನು ನೋಡುತ್ತ ಉಳಿದ ಸ್ವರಗಳನ್ನು ಆ ಕ್ಷಣದಲ್ಲೇ ಜೋಡಿಸುತ್ತಾರೆ. ಹೀಗೆ ಒಟ್ಟಾಗಿ ಮೊಳಗುವ ಸ್ವರಗುಚ್ಛವನ್ನು ಕಾರ್ಡ್ ಎಂದೂ, ಅವುಗಳ ಸಂಬಂಧವನ್ನು ಹಾರ್ಮನಿ ಎಂದೂ ಕರೆಯುತ್ತಾರೆ. ಬರೆದಿಟ್ಟದ್ದನ್ನು ಅಕ್ಷರಶಃ ನುಡಿಸುವುದೇ ಪಾಶ್ಚಾತ್ಯ ಸಂಗೀತವೆಂಬ ಗ್ರಹಿಕೆ ನಮ್ಮಲ್ಲಿ ಗಟ್ಟಿಯಾಗಿದೆ, ಆದರೆ ಬರೋಕ್ ಕಾಲದ ಹಾಳೆಯಲ್ಲಿ ಮನೋಧರ್ಮಕ್ಕೆ ಬಿಟ್ಟ ಜಾಗ ಬಹಳ ದೊಡ್ಡದು. ಒಂದೇ ಕೃತಿಯ ಎರಡು ಧ್ವನಿಮುದ್ರಣಗಳಲ್ಲಿ ಹಾರ್ಪ್ಸಿಕಾರ್ಡ್ ಬೇರೆಬೇರೆಯಾಗಿ ಕೇಳಿಸುವುದು ಇದೇ ಕಾರಣಕ್ಕೆ.

ಹೆಜ್ಜೆ 2: ಮರಳಿ ಮರಳಿ ಬರುವ ಬಾಸ್‌ನಿಂದ ಆರಂಭಿಸಿ

ಒಂದು ಚಿಕ್ಕ ಬಾಸ್ ಸಾಲನ್ನು ಕೃತಿಯುದ್ದಕ್ಕೂ ಪುನರಾವರ್ತಿಸಿ, ಅದರ ಮೇಲೆ ಹೊಸಹೊಸದನ್ನು ಕಟ್ಟುವ ರೂಪವನ್ನು ಇಂಗ್ಲೆಂಡಿನಲ್ಲಿ ಗ್ರೌಂಡ್ ಎಂದು ಕರೆದರು. ಶಕೋನ್, ಪಸಕಾಲ್ಯ ಎಂಬ ಹೆಸರಿನ ರೂಪಗಳೂ ಇದರ ಸಮೀಪದವು. ಬಾಸ್ ಕೇಳುವ ಅಭ್ಯಾಸಕ್ಕೆ ಇದಕ್ಕಿಂತ ಸುಲಭವಾದ ಬಾಗಿಲಿಲ್ಲ.

ಮೊದಲು ಯೋಹಾನ್ ಪಾಖೆಲ್‌ಬೆಲ್‌ನ ಡಿ ಮೇಜರ್ (ಡಿ ಸ್ವರವನ್ನು ಷಡ್ಜವಾಗಿಟ್ಟ, ಶಂಕರಾಭರಣದಂತಹ ಶ್ರೇಣಿ) ಕ್ಯಾನನ್ ಕೇಳಿ. ಅದರ ಬಾಸ್‌ನಲ್ಲಿರುವುದು ಎಂಟೇ ಸ್ವರಗಳು. ಶಂಕರಾಭರಣದ ಸ್ವರಸ್ಥಾನಗಳಲ್ಲಿ ಹೇಳುವುದಾದರೆ ಸ, ಪ, ದ, ಗ, ಮ, ಸ, ಮ, ಪ. ಈ ಎಂಟು ಸ್ವರಗಳ ಸಾಲು ಒಂದಿಷ್ಟೂ ಬದಲಾಗದೆ 28 ಬಾರಿ ಬರುತ್ತದೆ. ಅದರ ಮೇಲೆ ಮೂರು ವಯೊಲಿನ್‌ಗಳು ಒಂದೇ ಸಂಗೀತವನ್ನು ಒಂದರ ಹಿಂದೊಂದು ಆರಂಭಿಸಿ, ಹಿಂದಿನದನ್ನು ಮುಂದಿನದು ಚಾಚೂತಪ್ಪದೆ ಅನುಸರಿಸುತ್ತ ಸಾಗುತ್ತವೆ. ಮೊದಲ ಸಲ ಬಾಸನ್ನು ಸ್ವರ ಹೇಳಿಕೊಂಡು ಗುನುಗಿ. ಎರಡನೆಯ ಸಲ ಮನಸ್ಸಿನಲ್ಲೇ ಗುನುಗುತ್ತ ವಯೊಲಿನ್‌ಗಳ ಕಡೆಗೆ ಗಮನ ಹರಿಸಿ.

ಬಳಿಕ ಕ್ಲಾವ್‌ದಿಯೊ ಮೊಂಟೆವೆರ್ದಿಯ 'ಲಮೆಂತೊ ದೆಲ್ಲ ನಿಂಫ' ಕೇಳಿ. 1638ರಲ್ಲಿ ಅಚ್ಚಾದ ಅವನ ಎಂಟನೆಯ ಮ್ಯಾಡ್ರಿಗಲ್ (ಹಲವು ದನಿಗಳ ಭಾವಗೀತೆ) ಸಂಪುಟದಲ್ಲಿ ಇದು ಸೇರಿದೆ. ನಡುವಿನ ಭಾಗದಲ್ಲಿ ಬಾಸ್ ಕೇವಲ ನಾಲ್ಕು ಸ್ವರಗಳನ್ನು, ಅಂದರೆ ಸ, ನಿ, ದ, ಪ ಎಂದು ಕೈಶಿಕಿ ನಿಷಾದ ಮತ್ತು ಶುದ್ಧ ಧೈವತಗಳ ಮೂಲಕ ಇಳಿಯುವುದನ್ನು, ಕೊನೆಯವರೆಗೂ ಬಿಡದೆ ನುಡಿಸುತ್ತದೆ. ಪ್ರಿಯನಿಂದ ತೊರೆಯಲ್ಪಟ್ಟ ಹೆಣ್ಣು ಆ ಬಾಸ್‌ನ ಕಟ್ಟಿಗೆ ಒಳಪಡದೆ, ಅದಕ್ಕಿಂತ ಸ್ವಲ್ಪ ತಡವಾಗಿ ಅಥವಾ ಮುಂಚಿತವಾಗಿ ತನ್ನ ಮಾತನ್ನು ಹಾಡುತ್ತಾಳೆ. ಮೂವರು ಗಂಡಸರು ಅವಳಿಗಾಗಿ ಮರುಗುತ್ತ ನಡುನಡುವೆ ದನಿಗೂಡಿಸುತ್ತಾರೆ. ಹೀಗೆ ಇಳಿಯುವ ನಾಲ್ಕು ಸ್ವರಗಳು ಮುಂದೆ ಯುರೋಪಿನಾದ್ಯಂತ ದುಃಖದ ಗುರುತಾಗಿಬಿಟ್ಟವು.

ಇದರ ಅತ್ಯಂತ ತೀವ್ರವಾದ ರೂಪವನ್ನು ಹೆನ್ರಿ ಪರ್ಸೆಲ್‌ನ 'ಡೈಡೊ ಆ್ಯಂಡ್ ಈನಿಯಸ್' ಒಪೆರಾದ ಕೊನೆಯಲ್ಲಿ ಕೇಳಬಹುದು. 1689ರ ಹೊತ್ತಿಗೆ ಲಂಡನ್ನಿನ ಚೆಲ್ಸಿಯಲ್ಲಿದ್ದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಪ್ರದರ್ಶನಗೊಂಡ ಈ ಒಪೆರಾದಲ್ಲಿ, ಸಾಯಲು ಸಿದ್ಧಳಾದ ಕಾರ್ಥೇಜಿನ ರಾಣಿ ಡೈಡೊ ಹಾಡುವ ಕೊನೆಯ ಹಾಡಿನ ಬಾಸ್ ಷಡ್ಜದಿಂದ ಪಂಚಮಕ್ಕೆ ಇಳಿಯುವಾಗ ದಾರಿಯಲ್ಲಿನ ಒಂದು ಸ್ವರಸ್ಥಾನವನ್ನೂ ಬಿಡುವುದಿಲ್ಲ: ಸ, ಕಾಕಲಿ ನಿ, ಕೈಶಿಕಿ ನಿ, ಚತುಶ್ರುತಿ ದ, ಶುದ್ಧ ದ, ಪ. ಎರಡು ನಿಷಾದಗಳನ್ನೂ ಎರಡು ಧೈವತಗಳನ್ನೂ ಒಂದೇ ಇಳಿಕೆಯಲ್ಲಿ ಸಾಲಾಗಿ ಕೇಳಿದಾಗ ರಾಗಸಂಗೀತದ ಕಿವಿ ಮೊದಲಿಗೆ ಗಲಿಬಿಲಿಗೊಳ್ಳುತ್ತದೆ, ಮತ್ತು ಆ ನೆಲೆತಪ್ಪಿದ ಭಾವವೇ ಪರ್ಸೆಲ್‌ಗೆ ಬೇಕಾದದ್ದು. ಬಾಸ್‌ನ ಒಂದು ಸುತ್ತು ಐದು ಅಳತೆಗಳದ್ದು (ಅಳತೆ ಎಂದರೆ ತಾಳದ ಆವರ್ತದಂತಹ ಘಟಕ). ಹಾಡಿನ ಸಾಲು ಎಲ್ಲಿ ಮುಗಿಯುತ್ತದೆ, ಬಾಸ್‌ನ ಸುತ್ತು ಎಲ್ಲಿ ಮುಗಿಯುತ್ತದೆ ಎಂಬುದನ್ನು ಹೋಲಿಸಿ ನೋಡಿ. ಅವೆರಡೂ ಅನೇಕ ಕಡೆ ಕೂಡುವುದಿಲ್ಲ. ಸಾವು ತನ್ನ ಲೆಕ್ಕದಲ್ಲಿ ಬರುತ್ತಿದೆ, ಡೈಡೊ ತನ್ನ ಲೆಕ್ಕದಲ್ಲಿ ಹಾಡುತ್ತಿದ್ದಾಳೆ. ನನ್ನ ಮಟ್ಟಿಗೆ ಇಡೀ ಯುಗದಲ್ಲಿ ಬಾಸ್‌ನ ಶಕ್ತಿಯನ್ನು ಇಷ್ಟು ನೇರವಾಗಿ ತೋರಿಸುವ ಮತ್ತೊಂದು ನಾಲ್ಕು ನಿಮಿಷ ಇಲ್ಲ.

ಹೆಜ್ಜೆ 3: ವಾದ್ಯಗಳ ದನಿಯನ್ನು ಪ್ರತ್ಯೇಕವಾಗಿ ಗುರುತಿಸಿ

ಹಾರ್ಪ್ಸಿಕಾರ್ಡ್ ನೋಡಲು ಪಿಯಾನೊದಂತಿದ್ದರೂ ಕೆಲಸ ಮಾಡುವ ರೀತಿ ಬೇರೆ. ಪಿಯಾನೊದಲ್ಲಿ ಸುತ್ತಿಗೆ ತಂತಿಯನ್ನು ಬಡಿಯುತ್ತದೆ. ಹಾರ್ಪ್ಸಿಕಾರ್ಡಿನಲ್ಲಿ ಹಕ್ಕಿಯ ಗರಿಯ ದಂಟಿನಿಂದ ಮಾಡಿದ ಚಿಕ್ಕ ಕಡ್ಡಿ ತಂತಿಯನ್ನು ಮೀಟುತ್ತದೆ. ಬೆರಳನ್ನು ಎಷ್ಟು ಬಲವಾಗಿ ಒತ್ತಿದರೂ ದನಿಯ ಗಾತ್ರ ಹೆಚ್ಚು ಕಡಿಮೆಯಾಗುವುದಿಲ್ಲ. ಹಾಗಾಗಿ ಕಲಾವಿದರು ಒಂದು ಸ್ವರಕ್ಕೆ ಒತ್ತು ಕೊಡಬೇಕಾದರೆ ಅದನ್ನು ಕೂದಲೆಳೆಯಷ್ಟು ತಡಮಾಡುತ್ತಾರೆ, ಕಾರ್ಡಿನ ಸ್ವರಗಳನ್ನು ಬಿಡಿಸಿ ಒಂದೊಂದಾಗಿ ಉದುರಿಸುತ್ತಾರೆ, ಅಥವಾ ಸ್ವರವನ್ನು ನುಣ್ಣನೆಯ ಕಂಪನಗಳಿಂದ ಅಲಂಕರಿಸುತ್ತಾರೆ. ಬಾರ್ತೊಲೊಮೆಯೊ ಕ್ರಿಸ್ತೊಫೊರಿ ಫ್ಲಾರೆನ್ಸ್‌ನಲ್ಲಿ 1700ರ ಸುಮಾರಿಗೇ ಪಿಯಾನೊವನ್ನು ರಚಿಸಿದ್ದರೂ, ಬರೋಕ್ ಯುಗ ಮುಗಿಯುವವರೆಗೆ ಹಾರ್ಪ್ಸಿಕಾರ್ಡಿನ ಸ್ಥಾನ ಅಲುಗಲಿಲ್ಲ. ಇದರ ದನಿಯನ್ನು ಒಂಟಿಯಾಗಿ ಪರಿಚಯ ಮಾಡಿಕೊಳ್ಳಲು ದೊಮೆನಿಕೊ ಸ್ಕಾರ್ಲಾತಿಯ 555 ಸೊನಾಟಗಳಲ್ಲಿ ಯಾವುದಾದರೂ ನಾಲ್ಕೈದನ್ನು ಕೇಳಬಹುದು. ಹೆಚ್ಚಿನವು ಕೆಲವೇ ನಿಮಿಷಗಳಲ್ಲಿ ಮುಗಿಯುತ್ತವೆ.

ವಯೊಲಿನ್ ನಮಗೆ ಚಿರಪರಿಚಿತ. ಆದರೆ ಕ್ರೆಮೋನಾದ ಅಮಾತಿ, ಗ್ವಾರ್ನೆರಿ, ಸ್ತ್ರಾದಿವಾರಿ ಮನೆತನಗಳ ಕಾಲದಲ್ಲಿ ಅದಕ್ಕೆ ಪ್ರಾಣಿಯ ಕರುಳಿನಿಂದ ಹೊಸೆದ ತಂತಿಗಳಿದ್ದವು, ಗದ್ದ ಊರಲು ಹಲಗೆಯಿರಲಿಲ್ಲ, ಕಮಾನು ಹೊರಕ್ಕೆ ಬಾಗಿದ್ದು ತುದಿಯ ಕಡೆಗೆ ಹಗುರವಾಗಿತ್ತು. ಆದ್ದರಿಂದ ಆ ಕಾಲದ ಮಾದರಿಯ ವಯೊಲಿನ್‌ನಲ್ಲಿ ಪ್ರತಿ ಎಳೆತವೂ ಒತ್ತಿನಿಂದ ಹುಟ್ಟಿ ತೆಳುವಾಗುತ್ತ ಹೋಗುತ್ತದೆ, ಸಂಗೀತ ಮಾತಿನಂತೆ ಉಸಿರುಬಿಡುತ್ತದೆ. ವಿಯೋಲ ದ ಗಾಂಬ ಹೊರನೋಟಕ್ಕೆ ಚೆಲ್ಲೊವನ್ನು ಹೋಲುತ್ತದೆ. ಆದರೆ ಅದಕ್ಕೆ ಆರು ಅಥವಾ ಏಳು ತಂತಿಗಳಿರುತ್ತವೆ, ಕತ್ತಿನ ಸುತ್ತ ಕರುಳಿನ ದಾರ ಬಿಗಿದು ಮಾಡಿದ ಮೆಟ್ಟುಗಳಿರುತ್ತವೆ, ಮತ್ತು ಕಮಾನನ್ನು ಅಂಗೈ ಮೇಲ್ಮುಖವಾಗಿ ಹಿಡಿಯುತ್ತಾರೆ. ಫ್ರಾನ್ಸಿನ ಮರಾಂ ಮರೇ ಎಂಬ ಮಹಾವಾದಕ ಇದಕ್ಕಾಗಿ ಬರೆದ ಕೃತಿಗಳನ್ನು ಕೇಳಿದರೆ ಆ ಮಂಜುಮುಸುಕಿದಂತಹ ನಾದ ಮತ್ತೆ ಎಲ್ಲಿ ಕೇಳಿದರೂ ಗುರುತು ಸಿಗುತ್ತದೆ.

ಊದುವ ವಾದ್ಯಗಳಲ್ಲಿ ಮರದ ಅಡ್ಡಕೊಳಲು, ನೇರವಾಗಿ ಹಿಡಿದು ಊದುವ ರೆಕಾರ್ಡರ್, ಫ್ರೆಂಚ್ ಆಸ್ಥಾನದಲ್ಲಿ ರೂಪುಗೊಂಡ ಓಬೊ ಮುಖ್ಯವಾದವು. ಟ್ರಂಪೆಟ್ ಬಗ್ಗೆ ಒಂದು ವಿಷಯ ತಿಳಿದಿರಬೇಕು. ಆ ಕಾಲದ ಟ್ರಂಪೆಟ್‌ಗೆ ಒತ್ತುವ ಕೀಲಿಗಳಿರಲಿಲ್ಲ. ಕೆಳಸ್ಥಾಯಿಯಲ್ಲಿ ಅದರ ಸ್ವರಗಳು ದೂರದೂರ, ಮೇಲೇರಿದಂತೆ ಮಾತ್ರ ಒತ್ತೊತ್ತಾಗಿ ಸಿಗುತ್ತವೆ. ರಾಗವನ್ನು ನುಡಿಸಬೇಕಾದರೆ ವಾದಕ ಅತಿ ಎತ್ತರದಲ್ಲಿ, ತುಟಿಯ ಹಿಡಿತವೊಂದನ್ನೇ ನಂಬಿ ಊದಬೇಕಿತ್ತು. ಟ್ರಂಪೆಟ್ ಮತ್ತು ಟಿಂಪನಿ ನಗಾರಿಗಳು ಬರುವ ವೈಭವದ ಕೃತಿಗಳಲ್ಲಿ ಬಹಳಷ್ಟು ಡಿ ಮೇಜರ್‌ನಲ್ಲಿರುವುದು ಈ ವಾದ್ಯದ ಮಿತಿಯಿಂದಲೇ. ಹ್ಯಾಂಡೆಲ್‌ನ 'ಮೆಸಾಯ' ಕೃತಿಯ ಮೂರನೆಯ ಭಾಗದಲ್ಲಿ ಬಾಸ್ (ತಗ್ಗಿನ ಗಂಡುದನಿಯ) ಗಾಯಕನ ಜೊತೆಗೆ ಒಂಟಿ ಟ್ರಂಪೆಟ್ ಬರುವ ಹಾಡನ್ನು ಹಳೆಯ ಮಾದರಿಯ ವಾದ್ಯದಲ್ಲಿ ನುಡಿಸಿರುವ ಮುದ್ರಣವನ್ನೇ ಹುಡುಕಿ ಕೇಳಿ.

ಹೆಜ್ಜೆ 4: ಕನ್ಸರ್ಟೊದಲ್ಲಿ ಮೇಳ ಮರಳುವುದನ್ನು ಎಣಿಸಿ

ಕನ್ಸರ್ಟೊ ಎಂದರೆ ಒಂಟಿ ವಾದ್ಯವೋ ಚಿಕ್ಕ ಗುಂಪೋ ಇಡೀ ಮೇಳದೊಂದಿಗೆ ಸಂವಾದಿಸುವ ಕೃತಿ. ರೋಮ್‌ನಲ್ಲಿದ್ದ ಆರ್ಕಾಂಜೆಲೊ ಕೊರೆಲ್ಲಿ ತನ್ನ ಕನ್ಸರ್ಟೊ ಗ್ರೊಸ್ಸೊಗಳಲ್ಲಿ ಎರಡು ವಯೊಲಿನ್ ಮತ್ತು ಒಂದು ಚೆಲ್ಲೊಗಳ ಚಿಕ್ಕ ಗುಂಪನ್ನು ಇಡೀ ಮೇಳಕ್ಕೆ ಎದುರಾಗಿ ನಿಲ್ಲಿಸಿದ. ಇಂತಹ 12 ಕೃತಿಗಳ ಅವನ ಸಂಪುಟ ಅವನು ತೀರಿಕೊಂಡ ಮರುವರ್ಷ, 1714ರಲ್ಲಿ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಪ್ರಕಟವಾಯಿತು. ಅದರಲ್ಲಿ ಎಂಟನೆಯದಾದ ಕ್ರಿಸ್‌ಮಸ್ ಕನ್ಸರ್ಟೊ ಒಂದನ್ನು ಕೇಳಿದರೆ ಈ ಚಿಕ್ಕ ಗುಂಪು ಮತ್ತು ದೊಡ್ಡ ಗುಂಪಿನ ಆಟ ಸ್ಪಷ್ಟವಾಗುತ್ತದೆ.

ವೆನಿಸ್ಸಿನ ಆಂತೋನಿಯೊ ವಿವಾಲ್ಡಿ ಈ ರೂಪಕ್ಕೆ ಗಟ್ಟಿಯಾದ ಎಲುಬನ್ನು ಕೊಟ್ಟ. ಪಾದ್ರಿಯಾಗಿದ್ದ ಅವನು ಪಿಯೆತಾ ಎಂಬ ಅನಾಥಾಶ್ರಮದ ಹೆಣ್ಣುಮಕ್ಕಳ ಮೇಳಕ್ಕಾಗಿ ವರ್ಷಾನುಗಟ್ಟಲೆ ಬರೆದ. ಅವನ ಚುರುಕಿನ ಚಲನೆಗಳಲ್ಲಿ (ಕೃತಿಯ ಬಿಡಿ ಭಾಗಗಳಲ್ಲಿ) ಇಡೀ ಮೇಳ ನುಡಿಸುವ ಒಂದು ಭಾಗ, ರಿತೊರ್ನೆಲ್ಲೊ, ಆರಂಭದಲ್ಲಿ ಬಂದು, ಒಂಟಿ ವಾದಕನ ಬಿಡುಬೀಸಿನ ಭಾಗಗಳ ನಡುವೆ ಪೂರ್ತಿಯಾಗಿಯೋ ತುಣುಕಾಗಿಯೋ ಮರಳುತ್ತಿರುತ್ತದೆ. ಪಲ್ಲವಿಗೆ ಮರಳುವ ಅಭ್ಯಾಸವಿರುವ ನಮಗೆ ಇದನ್ನು ಹಿಡಿಯುವುದು ಕಷ್ಟವಲ್ಲ. ಒಂದು ವ್ಯತ್ಯಾಸವನ್ನು ಮಾತ್ರ ಗಮನಿಸಬೇಕು: ಅದು ನಡುವೆ ಮರಳುವಾಗ ಆಧಾರ ಷಡ್ಜವೇ ಬದಲಾಗಿರಬಹುದು. ಬಾಸ್ ಕೇಳುವ ಅಭ್ಯಾಸವಾಗಿದ್ದರೆ ಆ ಬದಲಾವಣೆ ತಾನಾಗಿ ತಿಳಿಯುತ್ತದೆ.

1725ರಲ್ಲಿ ಪ್ರಕಟವಾದ 'ನಾಲ್ಕು ಋತುಗಳು' ಎಲ್ಲರೂ ಕೇಳಿರುವ ಕೃತಿ. ಅದರ ಪ್ರತಿ ಕನ್ಸರ್ಟೊಗೂ ಒಂದು ಸಾನೆಟ್ ಇದೆ, ಪದ್ಯದ ಸಾಲುಗಳನ್ನು ಸಂಗೀತದ ಆಯಾ ಜಾಗದಲ್ಲೇ ಗುರುತಿಸಿದ್ದಾರೆ. 'ವಸಂತ'ದ ಮೊದಲ ಚಲನೆಯಲ್ಲಿ ಮೇಳದ ಮರಳುವಿಕೆಗಳ ನಡುವೆ ಹಕ್ಕಿಗಳ ಉಲಿ, ತೊರೆಯ ಮರ್ಮರ, ಗುಡುಗು ಮಿಂಚು, ಮತ್ತೆ ಹಕ್ಕಿಗಳು ಎಂಬ ಕ್ರಮವಿದೆ. ಎರಡನೆಯ ಚಲನೆಯಲ್ಲಿ ಮಲಗಿರುವ ಕುರುಬನ ಪಕ್ಕದಲ್ಲಿ ಅವನ ನಾಯಿ ಬೊಗಳುವುದನ್ನು ವಿಯೋಲ ವಾದ್ಯ (ವಯೊಲಿನ್‌ಗಿಂತ ತುಸು ದೊಡ್ಡದು, ಗಾಂಬವಲ್ಲ) ಎರಡೆರಡು ಬಿರುಸಾದ ಸ್ವರಗಳಲ್ಲಿ ನುಡಿಸುತ್ತಲೇ ಇರುತ್ತದೆ, ಮತ್ತು ಆ ಚಲನೆಯಲ್ಲಿ ವಿವಾಲ್ಡಿ ಬಾಸ್ ವಾದ್ಯಗಳನ್ನು ಪೂರ್ತಿಯಾಗಿ ಸುಮ್ಮನಾಗಿಸಿದ್ದಾನೆ. ತಳವಿಲ್ಲದ ಆ ತೇಲುವಿಕೆಯೇ ನಿದ್ದೆ.

ಇಲ್ಲಿಂದ ಬಾಖ್‌ನ ಬ್ರಾಂಡೆನ್‌ಬರ್ಗ್ ಕನ್ಸರ್ಟೊಗಳಿಗೆ ಬನ್ನಿ. ವಿವಾಲ್ಡಿಯ ಕನ್ಸರ್ಟೊಗಳನ್ನು ಕೀಲಿಮಣೆಗೆ ಅಳವಡಿಸುತ್ತ ಅವುಗಳ ಕಟ್ಟನ್ನು ಕಲಿತಿದ್ದ ಬಾಖ್ 1721ರಲ್ಲಿ ಈ ಆರು ಕೃತಿಗಳ ಸುಂದರ ಪ್ರತಿಯನ್ನು ಬ್ರಾಂಡೆನ್‌ಬರ್ಗಿನ ಮಾರ್ಗ್ರಾಫನಿಗೆ, ಅಂದರೆ ಅಲ್ಲಿನ ರಾಜಮನೆತನದ ಪ್ರಭುವಿಗೆ, ಅರ್ಪಿಸಿದ. ಹಿಂದಿನ ಹೆಜ್ಜೆಯಲ್ಲಿ ಗುರುತಿಸಿದ ವಾದ್ಯಗಳ ಪರೀಕ್ಷೆಗೆ ಇವು ಹೇಳಿ ಮಾಡಿಸಿದಂತಿವೆ. ಎರಡನೆಯದರಲ್ಲಿ ಟ್ರಂಪೆಟ್, ರೆಕಾರ್ಡರ್, ಓಬೊ, ವಯೊಲಿನ್ ನಾಲ್ಕೂ ಸಮಾನ ನಾಯಕರು. ಮೂರನೆಯದರಲ್ಲಿ ಮೂರು ವಯೊಲಿನ್, ಮೂರು ವಿಯೋಲ, ಮೂರು ಚೆಲ್ಲೊ. ಅದರ ನಡುವಿನ ಚಲನೆಗೆಂದು ಬಾಖ್ ಬರೆದಿರುವುದು ಎರಡೇ ಕಾರ್ಡ್‌ಗಳು, ಅಲ್ಲಿ ಏನು ನುಡಿಸಬೇಕೆಂಬುದನ್ನು ಪ್ರತಿ ಮೇಳವೂ ತಾನೇ ನಿರ್ಧರಿಸುತ್ತದೆ. ಐದನೆಯದರಲ್ಲಿ, ಅದುವರೆಗೆ ಹಿನ್ನೆಲೆಯಲ್ಲಿದ್ದು ಕಂಟಿನುವೊ ತುಂಬುತ್ತಿದ್ದ ಹಾರ್ಪ್ಸಿಕಾರ್ಡ್ ಮೆಲ್ಲಗೆ ಮುಂದೆ ಬಂದು, ಮೊದಲ ಚಲನೆಯ ಕೊನೆಯಲ್ಲಿ ಉಳಿದವರೆಲ್ಲ ನಿಂತು ಕೇಳುವಂತೆ ಒಂಟಿಯಾಗಿ ಬಹಳ ಹೊತ್ತು ನುಡಿಯುತ್ತದೆ. ಆರನೆಯದರಲ್ಲಿ ವಯೊಲಿನ್‌ಗಳೇ ಇಲ್ಲ, ವಿಯೋಲ ಮತ್ತು ಗಾಂಬಗಳ ಕಂದುಬಣ್ಣದ ನಾದವೊಂದೇ. ಯಾವುದರಿಂದ ಆರಂಭಿಸಬೇಕೆಂದು ಕೇಳಿದರೆ ಐದನೆಯದು ಎನ್ನುತ್ತೇನೆ.

ಹೆಜ್ಜೆ 5: ನೃತ್ಯಗಳ ಎಣಿಕೆಯನ್ನು ಕೈಯಲ್ಲಿ ಹಾಕಿ

ಸ್ವೀಟ್ ಎಂದರೆ ಒಂದೇ ಶ್ರುತಿಯಲ್ಲಿರುವ ಹಲವು ನೃತ್ಯಗಳ ಮಾಲೆ. ಜರ್ಮನಿಯ ಸಂಯೋಜಕರ ಕೈಯಲ್ಲಿ ಅದು ಅಲಮಾಂಡ್, ಕುರಾಂಟ್, ಸರಬಾಂಡ್, ಜೀಗ್ ಎಂಬ ನಾಲ್ಕು ನೃತ್ಯಗಳ ಕ್ರಮವಾಗಿ ನೆಲೆಗೊಂಡಿತು. ಅಲಮಾಂಡ್ ಸಾಧಾರಣ ವೇಗದ ನಾಲ್ಕು ಎಣಿಕೆ. ಕುರಾಂಟ್ ಮೂರರ ಎಣಿಕೆಯಲ್ಲಿ ಓಡುತ್ತದೆ. ಸರಬಾಂಡ್ ಮೂರರದ್ದೇ ಆದರೂ ನಿಧಾನ, ಅದರ ಭಾರ ಬಹಳ ಕಡೆ ಎರಡನೆಯ ಎಣಿಕೆಯ ಮೇಲೆ ಬೀಳುತ್ತದೆ. ಜೀಗ್ ಕುಣಿದಾಡುವ ಮುಕ್ತಾಯ. ಸರಬಾಂಡ್ ಮತ್ತು ಜೀಗ್‌ಗಳ ನಡುವೆ ಮಿನುಯೆಟ್, ಬುರೆ, ಗವೊಟ್ ಮುಂತಾದ ಹಗುರ ನೃತ್ಯಗಳನ್ನು ಸೇರಿಸುವುದಿತ್ತು. ಪ್ರತಿ ನೃತ್ಯಕ್ಕೂ ಎರಡು ಭಾಗಗಳು, ಪ್ರತಿ ಭಾಗವನ್ನೂ ಎರಡು ಬಾರಿ ನುಡಿಸುತ್ತಾರೆ. ಮೊದಲ ಭಾಗ ನೆಲೆಯಿಂದ ಹೊರಡುತ್ತದೆ, ಎರಡನೆಯದು ಮರಳಿ ತರುತ್ತದೆ.

ಅಭ್ಯಾಸಕ್ಕೆ ಬಾಖ್‌ನ ಒಂಟಿ ಚೆಲ್ಲೊ ಸ್ವೀಟ್‌ಗಳಲ್ಲಿ ಮೊದಲನೆಯದನ್ನು ಆರಿಸಿಕೊಳ್ಳಿ. ಒಂದು ಪೀಠಿಕೆಯ ಬಳಿಕ ಮೇಲಿನ ನೃತ್ಯಗಳು ಕ್ರಮವಾಗಿ ಬರುತ್ತವೆ, ಜೀಗ್‌ಗಿಂತ ಮೊದಲು ಎರಡು ಮಿನುಯೆಟ್‌ಗಳಿವೆ. ತಾಳ ಹಾಕಿಕೊಂಡೇ ಕೇಳಿ. ಇಲ್ಲಿ ಬಾಸ್ ನುಡಿಸಲು ಬೇರೆ ವಾದ್ಯವಿಲ್ಲ. ಒಂದೇ ಚೆಲ್ಲೊ ಒಮ್ಮೆ ಕೆಳಗಿನ ಸ್ವರವನ್ನು ಮುಟ್ಟಿ ಬಿಟ್ಟು ಮೇಲಕ್ಕೆ ಹೋಗುತ್ತದೆ, ಮುಟ್ಟಿ ಬಿಟ್ಟ ಆ ಸ್ವರಗಳನ್ನು ನಮ್ಮ ಕಿವಿ ಜೋಡಿಸಿಕೊಂಡು ಒಂದು ಬಾಸ್ ಸಾಲನ್ನು ಕಟ್ಟಿಕೊಳ್ಳುತ್ತದೆ. ಇದು ಸಾಧ್ಯವಾದ ದಿನ, ಒಂಟಿ ವಯೊಲಿನ್‌ಗಾಗಿ ಬಾಖ್ ಬರೆದ ಡಿ ಮೈನರ್ (ಸಾಧಾರಣ ಗಾಂಧಾರವಿರುವ ಶ್ರೇಣಿ) ಪಾರ್ತೀತದ, ಅಂದರೆ ಸ್ವೀಟ್‌ನ, ಕೊನೆಯಲ್ಲಿರುವ ಶಕೋನ್ ಕೇಳಿ. ಎರಡನೆಯ ಹೆಜ್ಜೆಯಲ್ಲಿ ಕಂಡ ಮರಳುವ ಬಾಸ್‌ನ ತತ್ತ್ವವೇ ಅಲ್ಲಿ ನಾಲ್ಕು ತಂತಿಗಳ ಮೇಲೆ ಹದಿಮೂರು ಹದಿನಾಲ್ಕು ನಿಮಿಷ ಬೆಳೆಯುತ್ತದೆ.

ಫ್ರೆಂಚ್ ಶೈಲಿಯ ಪರಿಚಯಕ್ಕೂ ಇದೇ ಸರಿಯಾದ ಜಾಗ. ಫ್ಲಾರೆನ್ಸ್‌ನಲ್ಲಿ ಹುಟ್ಟಿ ಹದಿನಾಲ್ಕನೆಯ ಲೂಯಿಯ ಆಸ್ಥಾನದ ಸಂಗೀತದ ಒಡೆಯನಾಗಿ ಬೆಳೆದ ಲುಲ್ಲಿಯ ಕಾಲದಿಂದ ಫ್ರಾನ್ಸಿನ ಸಂಗೀತ ನೃತ್ಯಕ್ಕೆ ಅಂಟಿಕೊಂಡಿತು. ಬಿಗಿಯಾದ ಕುಂಟುನಡೆಯ ಗಂಭೀರ ಆರಂಭ, ಬಳಿಕ ಒಂದರ ಹಿಂದೊಂದು ದನಿ ಸೇರುವ ಚುರುಕು ಭಾಗ: ಇದು ಫ್ರೆಂಚ್ ಓವರ್ಚರ್, ಹ್ಯಾಂಡೆಲ್ ತನ್ನ 'ಮೆಸಾಯ'ವನ್ನು ಆರಂಭಿಸಿದ್ದೂ ಹೀಗೆಯೇ. ಫ್ರೆಂಚರು ಅಲಂಕಾರಗಳನ್ನು ಸಣ್ಣ ಚಿಹ್ನೆಗಳಲ್ಲಿ ಬರೆದು ಕೊಡುತ್ತಿದ್ದರು. ಇಟಲಿಯವರು ಸರಳ ಸಾಲನ್ನು ಬರೆದು ಅಲಂಕಾರವನ್ನು ಕಲಾವಿದರಿಗೆ ಬಿಡುತ್ತಿದ್ದರು. ಜರ್ಮನಿಯವರು ಎರಡನ್ನೂ ಕಲಿತು ತಮ್ಮ ಚರ್ಚಿನ ಆರ್ಗನ್ ಪರಂಪರೆಯೊಂದಿಗೆ ಬೆರೆಸಿದರು.

ಹೆಜ್ಜೆ 6: ಫ್ಯೂಗ್‌ನಲ್ಲಿ ಒಂದೇ ಮಾತನ್ನು ಹಿಂಬಾಲಿಸಿ

ಫ್ಯೂಗ್ ಎಂಬ ಹೆಸರು ಕೇಳಿದೊಡನೆ ಹಿಂಜರಿಯುವವರಿದ್ದಾರೆ. ವಿಧಾನ ಕಲಿತರೆ ಅದರಷ್ಟು ಸಂತೋಷ ಕೊಡುವ ರೂಪ ಇನ್ನೊಂದಿಲ್ಲವೆಂದು ಧೈರ್ಯವಾಗಿ ಹೇಳಬಲ್ಲೆ. ಒಂದು ದನಿ ಒಂಟಿಯಾಗಿ ಒಂದು ಚಿಕ್ಕ ವಿಷಯವನ್ನು ಹೇಳುತ್ತದೆ. ಎರಡನೆಯ ದನಿ ಅದನ್ನೇ ಪಂಚಮದ ನೆಲೆಯಿಂದ ಉತ್ತರವಾಗಿ ಹೇಳುವಾಗ, ಮೊದಲನೆಯದು ನಿಲ್ಲದೆ ಬೇರೊಂದು ಸಾಲನ್ನು ಜೊತೆಗೆ ನುಡಿಸುತ್ತದೆ. ಹೀಗೆ ಎಲ್ಲ ದನಿಗಳೂ ಸೇರಿದ ಮೇಲೆ, ವಿಷಯವಿಲ್ಲದ ಬಿಡುವಿನ ಭಾಗಗಳೂ ವಿಷಯ ಮರಳುವ ಭಾಗಗಳೂ ಸರದಿಯಲ್ಲಿ ಬರುತ್ತವೆ.

ಬಾಖ್‌ನ ಆರ್ಗನ್ ಕೃತಿಗಳಲ್ಲಿ 'ಚಿಕ್ಕದು' ಎಂದು ಕರೆಯುವ ಜಿ ಮೈನರ್ ಫ್ಯೂಗ್‌ನಿಂದ ಆರಂಭಿಸಿ. ಮೊದಲ ಕೆಲವು ಸೆಕೆಂಡುಗಳನ್ನು ಮಾತ್ರ ನಾಲ್ಕೈದು ಸಲ ಕೇಳಿ, ವಿಷಯವನ್ನು ಬಾಯಲ್ಲಿ ಹಾಡಲು ಬರುವವರೆಗೆ ಮುಂದೆ ಹೋಗಬೇಡಿ. ಬಳಿಕ ಪೂರ್ತಿ ಕೇಳುತ್ತ, ವಿಷಯ ಬಂದಾಗಲೆಲ್ಲ ಒಂದು ಬೆರಳು ಮಡಿಸಿ. ನಾಲ್ಕು ದನಿಗಳೂ ಮೇಲಿನಿಂದ ಕೆಳಕ್ಕೆ ಕ್ರಮವಾಗಿ ಸೇರುತ್ತವೆ, ಕೊನೆಯದನ್ನು ಆರ್ಗನಿಸ್ಟ್ ಕಾಲಿನಿಂದ ಪೆಡಲ್ ಮೇಲೆ ನುಡಿಸುತ್ತಾರೆ. ವಿಷಯ ಬಾಸ್‌ಗೆ ಬಂದೊಡನೆ ಇಡೀ ಕಟ್ಟಡ ನೆಲಕ್ಕೆ ಊರಿದಂತೆ ಅನ್ನಿಸುವುದನ್ನು ಗಮನಿಸಿ. ಇದು ಕೈವಶವಾದ ಮೇಲೆ, ಹನ್ನೆರಡು ಸ್ವರಸ್ಥಾನಗಳ ಮೇಜರ್ ಮತ್ತು ಮೈನರ್ ಎರಡರಲ್ಲೂ ಒಂದೊಂದರಂತೆ 24 ಪೀಠಿಕೆ ಮತ್ತು ಫ್ಯೂಗ್‌ಗಳಿರುವ 1722ರ 'ವೆಲ್ ಟೆಂಪರ್ಡ್ ಕ್ಲೇವಿಯರ್' ಮೊದಲ ಭಾಗಕ್ಕೆ ಹೋಗಬಹುದು. ಸಿ ಮೈನರ್ ಫ್ಯೂಗ್‌ನ ಮೂರು ದನಿಗಳು ಹೊಸ ಕಿವಿಗೂ ಬಿಡಿಬಿಡಿಯಾಗಿ ಕೇಳಿಸುತ್ತವೆ.

ಹೆಜ್ಜೆ 7: ಹಾಡಿಗೆ ಬಂದಾಗ ಪಠ್ಯವನ್ನು ಎದುರಿಗಿಟ್ಟುಕೊಳ್ಳಿ

ಬರೋಕ್ ಯುಗ ಹುಟ್ಟಿದ್ದೇ ಮಾತು ಕೇಳಿಸಬೇಕೆಂಬ ಹಂಬಲದಿಂದ. ಫ್ಲಾರೆನ್ಸ್‌ನ ಕೌಂಟ್ ಬಾರ್ದಿಯ ಮನೆಯಲ್ಲಿ ಸೇರುತ್ತಿದ್ದ ವಿದ್ವಾಂಸರು ಮತ್ತು ಸಂಗೀತಗಾರರು, ಇವರಲ್ಲಿ ಖಗೋಳವಿಜ್ಞಾನಿ ಗೆಲಿಲಿಯೊನ ತಂದೆ ವಿಂಚೆಂಜೊ ಗೆಲಿಲೈ ಕೂಡ ಒಬ್ಬರು, ಹಲವು ದನಿಗಳು ಹೆಣೆದುಕೊಂಡ ಹಿಂದಿನ ಶೈಲಿಯಲ್ಲಿ ಕವಿತೆ ಮುಳುಗಿಹೋಗುತ್ತದೆಂದು ವಾದಿಸಿ, ಒಬ್ಬ ಗಾಯಕ ಸರಳ ಪಕ್ಕವಾದ್ಯದೊಂದಿಗೆ ಮಾತಿನ ಲಯದಲ್ಲೇ ಹಾಡುವ ಕ್ರಮವನ್ನು ಬಯಸಿದರು. ಯಾಕೊಪೊ ಪೆರಿಯ 'ಯೂರಿದಿಚೆ' 1600ರಲ್ಲಿ ಫ್ಲಾರೆನ್ಸ್‌ನಲ್ಲಿ, ಮೊಂಟೆವೆರ್ದಿಯ 'ಓರ್ಫೆಯೊ' 1607ರಲ್ಲಿ ಮಾಂತುವದಲ್ಲಿ ಪ್ರದರ್ಶನಗೊಂಡವು. 1637ರಲ್ಲಿ ವೆನಿಸ್‌ನಲ್ಲಿ ಟಿಕೆಟ್ ಕೊಂಡವರಿಗೆಲ್ಲ ಪ್ರವೇಶವಿದ್ದ ಮೊದಲ ಒಪೆರಾ ಮಂದಿರ ತೆರೆಯಿತು.

ಒಪೆರಾದಲ್ಲಿ ಕತೆಯನ್ನು ಮುಂದೊಯ್ಯುವುದು ರೆಸಿಟಟಿವ್: ಕಂಟಿನುವೊ ಮಾತ್ರ ಜೊತೆಗಿರುತ್ತದೆ, ಹಾಡು ಮಾತಿಗೆ ಸಮೀಪ. ಕತೆ ನಿಂತು ಭಾವ ಹರಡುವುದು ಆರಿಯಾದಲ್ಲಿ. ಹದಿನೆಂಟನೆಯ ಶತಮಾನದ ಆರಂಭದ ದ ಕಾಪೊ ಆರಿಯಾದಲ್ಲಿ ಮೊದಲ ಭಾಗ, ಭಿನ್ನವಾದ ಎರಡನೆಯ ಭಾಗ, ಮತ್ತೆ ಮೊದಲ ಭಾಗ ಎಂಬ ಕ್ರಮವಿದ್ದು, ಮರಳಿದಾಗ ಗಾಯಕರು ಅದನ್ನು ತಮ್ಮದೇ ಅಲಂಕಾರಗಳಿಂದ ಬೆಳೆಸುತ್ತಾರೆ. ಸಂಗತಿಗಳ ರುಚಿಯಿರುವ ಕೇಳುಗರು ಈ ಮೂರನೆಯ ಭಾಗಕ್ಕಾಗಿ ಕಾಯುವಂತಾಗುತ್ತದೆ. ಹ್ಯಾಂಡೆಲ್ 1711ರಲ್ಲಿ ಲಂಡನ್ನಿನಲ್ಲಿ ಪ್ರದರ್ಶಿಸಿದ 'ರಿನಾಲ್ದೊ'ದ 'ಲಾಶ್ಯ ಕಿಯೊ ಪ್ಯಾಂಗ' ಇದಕ್ಕೆ ಅಚ್ಚುಕಟ್ಟಾದ ಮಾದರಿ. ತಾಳ ಹಾಕಿ ನೋಡಿದರೆ ಅದು ಹಿಂದೆ ಕಂಡ ಸರಬಾಂಡ್.

ಇಟಾಲಿಯನ್ ಒಪೆರಾಕ್ಕೆ ಲಂಡನ್ನಿನಲ್ಲಿ ಬೇಡಿಕೆ ಕುಸಿದಂತೆ ಹ್ಯಾಂಡೆಲ್ ಇಂಗ್ಲಿಷ್ ಒರಟೋರಿಯೊದ ಕಡೆಗೆ ಹೊರಳಿದ. ವೇಷಭೂಷಣ, ರಂಗಸಜ್ಜಿಕೆಗಳಿಲ್ಲದೆ ಧಾರ್ಮಿಕ ವಸ್ತುವನ್ನು ಗಾಯಕರು ಮತ್ತು ವೃಂದ ನಿಂತು ಹಾಡುವ ರೂಪವದು. 1741ರ ಆಗಸ್ಟ್ 22ರಂದು ಆರಂಭಿಸಿ 24 ದಿನಗಳಲ್ಲಿ ಬರೆದ 'ಮೆಸಾಯ' ಮರುವರ್ಷ ಏಪ್ರಿಲ್ 13ರಂದು ಡಬ್ಲಿನ್‌ನಲ್ಲಿ ಮೊದಲು ಕೇಳಿಸಿತು. ಭಾಷೆ ಇಂಗ್ಲಿಷ್ ಆದ್ದರಿಂದ ಪಠ್ಯವನ್ನು ಹಿಡಿದು ಕೇಳಲು ನಮಗೆ ಸುಲಭ. ಟೆನರ್ (ಎತ್ತರದ ಗಂಡುದನಿಯ) ಗಾಯಕನ ಮೊದಲ ಆರಿಯಾದಲ್ಲಿ ಕಣಿವೆಗಳು ಮೇಲೇಳುವ ಮಾತಿಗೆ ಸ್ವರಗಳು ಉದ್ದನೆಯ ಏರಿಕೆಯಾಗಿ ಹರಿಯುತ್ತವೆ, ಸೊಟ್ಟದ್ದು ಎಂಬ ಪದಕ್ಕೆ ಅತ್ತಿಂದಿತ್ತ ಓಲಾಡುತ್ತವೆ.

ಹೆಜ್ಜೆ 8: ಧ್ವನಿಮುದ್ರಣವನ್ನು ಆರಿಸುವಾಗ

ಮುದ್ರಣದ ವಿವರದಲ್ಲಿ 'ಪೀರಿಯಡ್ ಇನ್‌ಸ್ಟ್ರುಮೆಂಟ್ಸ್' ಎಂದಿದ್ದರೆ ಹಳೆಯ ಮಾದರಿಯ ವಾದ್ಯಗಳನ್ನು ಬಳಸಿದ್ದಾರೆಂದು ಅರ್ಥ. ನಿಕೋಲಾಸ್ ಹಾರ್ನೊನ್‌ಕೋರ್ಟ್ 1953ರಲ್ಲಿ ವಿಯೆನ್ನಾದಲ್ಲಿ ಕಟ್ಟಿದ ಮೇಳ, ಗುಸ್ತಾವ್ ಲಿಯೊನ್‌ಹಾರ್ಟ್‌ರ ಹಾರ್ಪ್ಸಿಕಾರ್ಡ್, ಜಾನ್ ಎಲಿಯಟ್ ಗಾರ್ಡಿನರ್, ಜೋರ್ಡಿ ಸವಾಲ್ ಮೊದಲಾದವರ ಮುದ್ರಣಗಳು ಈ ದಾರಿಯವು. ಇವುಗಳಲ್ಲಿ ಶ್ರುತಿ ಸಾಮಾನ್ಯವಾಗಿ ಇಂದಿನದಕ್ಕಿಂತ ಅರ್ಧ ಸ್ವರ ಕೆಳಗಿರುತ್ತದೆ, ಅಂದರೆ 'ಎ' ಸ್ವರ 440ರ ಬದಲು 415 ಹರ್ಟ್ಸ್‌ನಲ್ಲಿ. ಶ್ರುತಿಪೆಟ್ಟಿಗೆ ಇಟ್ಟುಕೊಂಡು ಹೋಲಿಸುವವರು ಗೊಂದಲಗೊಳ್ಳಬೇಕಿಲ್ಲ. ಆರಂಭಿಸುವವರಿಗೆ ನಾನು ಹಳೆಯ ಮಾದರಿಯ ವಾದ್ಯಗಳನ್ನೇ ಶಿಫಾರಸು ಮಾಡುತ್ತೇನೆ, ಅವುಗಳಲ್ಲಿ ನಾದ ತೆಳುವಾಗಿರುವುದರಿಂದ ದನಿಗಳು ಒಂದನ್ನೊಂದು ಮುಚ್ಚುವುದಿಲ್ಲ. ಹಾಗೆಂದು ಗ್ಲೆನ್ ಗೂಲ್ಡ್ 1955ರಲ್ಲೂ 1981ರಲ್ಲೂ ಪಿಯಾನೊದ ಮೇಲೆ ನುಡಿಸಿದ ಬಾಖ್‌ನ 'ಗೋಲ್ಡ್‌ಬರ್ಗ್ ವೇರಿಯೇಶನ್ಸ್' ಅನ್ನು ಬಿಡಬಾರದು. ನೆದರ್‌ಲೆಂಡ್ಸ್ ಬಾಖ್ ಸೊಸೈಟಿ ತನ್ನ ಬಾಖ್ ವೀಡಿಯೊಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಕೊಟ್ಟಿದೆ. ಬಾಸ್ ನುಡಿಸುವವರ ಕೈಯನ್ನು ಕಣ್ಣಾರೆ ಕಾಣುವುದು ಕಿವಿಗೆ ದೊಡ್ಡ ನೆರವು.

ಹೆಜ್ಜೆ 9: 'ಮ್ಯಾಥ್ಯೂ ಪ್ಯಾಶನ್'

ಇಷ್ಟು ದೂರ ಬಂದವರು, ಯೇಸುವಿನ ಯಾತನೆ ಮತ್ತು ಸಾವಿನ ಕತೆ ಹೇಳುವ, ಬಾಖ್‌ನ 'ಸೇಂಟ್ ಮ್ಯಾಥ್ಯೂ ಪ್ಯಾಶನ್'ಗೆ ಸಿದ್ಧರಾಗಿದ್ದಾರೆ. 1723ರಿಂದ ಲೈಪ್‌ಜಿಗ್‌ನ ಸೇಂಟ್ ಥಾಮಸ್ ಚರ್ಚಿನ ಸಂಗೀತದ ಹೊಣೆ ಹೊತ್ತಿದ್ದ ಬಾಖ್ ಇದನ್ನು 1727ರ ಗುಡ್ ಫ್ರೈಡೆಯ ಆರಾಧನೆಗಾಗಿ ರಚಿಸಿದ. ಎರಡು ವೃಂದಗಳು, ಎರಡು ಮೇಳಗಳು, ಎರಡೂವರೆ ಗಂಟೆಗೂ ಮೀರಿದ ಅವಧಿ. ಮೂಲದಲ್ಲೂ ಎರಡು ಭಾಗಗಳ ನಡುವೆ ಪ್ರವಚನವಿತ್ತು, ಆದ್ದರಿಂದ ಎರಡು ದಿನ ಹಂಚಿಕೊಂಡು ಕೇಳುವುದರಲ್ಲಿ ಲೋಪವೇನಿಲ್ಲ. ಮತ್ತಾಯನ ಸುವಾರ್ತೆಯ 26 ಮತ್ತು 27ನೆಯ ಅಧ್ಯಾಯಗಳನ್ನು ಕನ್ನಡ ಬೈಬಲ್‌ನಲ್ಲಿ ಮುಂಚಿತವಾಗಿ ಓದಿಕೊಂಡರೆ, ಜರ್ಮನ್ ಬಾರದಿದ್ದರೂ ಕತೆಯ ಎಳೆ ತಪ್ಪುವುದಿಲ್ಲ.

ಕತೆ ಹೇಳುವ ಟೆನರ್‌ನ ರೆಸಿಟಟಿವ್‌ಗೆ ಕಂಟಿನುವೊ ಮಾತ್ರ ಇರುತ್ತದೆ. ಯೇಸು ಮಾತನಾಡುವಾಗಲೆಲ್ಲ ತಂತಿವಾದ್ಯಗಳು ಪ್ರಭಾವಳಿಯಾಗಿ ಸುತ್ತುವರಿಯುತ್ತವೆ. ಶಿಲುಬೆಯ ಮೇಲಿನ ಕೊನೆಯ ಕೂಗಿನಲ್ಲಿ, ನನ್ನನ್ನೇಕೆ ಕೈಬಿಟ್ಟೆ ಎನ್ನುವಲ್ಲಿ, ಅವು ಇರುವುದಿಲ್ಲ. ಪೇತ್ರನು ಯೇಸುವನ್ನು ಅರಿಯೆನೆಂದು ಹೇಳಿ ಅತ್ತ ಬಳಿಕ ಬರುವ 'ಎರ್ಬಾರ್ಮೆ ದಿಖ್' ಆರಿಯಾದ ವಯೊಲಿನ್, ಎರಡನೆಯ ಭಾಗದ 'ಕೊಮ್ ಸ್ಯೂಸೆಸ್ ಕ್ರೊಯ್ಟ್ಸ್' ಆರಿಯಾದ ವಿಯೋಲ ದ ಗಾಂಬ, ಇವೆರಡನ್ನು ಮೊದಲೇ ಬಿಡಿಯಾಗಿ ಕೇಳಿಟ್ಟುಕೊಂಡರೆ ಅನುಕೂಲ. ಇನ್ನೊಂದು ಅಭ್ಯಾಸವೂ ಇದೆ. ಸಭೆಗೆ ಪರಿಚಿತವಾಗಿದ್ದ ಒಂದೇ ಭಜನೆಯ ಮಟ್ಟು ಕೃತಿಯಲ್ಲಿ ಐದು ಬಾರಿ ಬರುತ್ತದೆ. ಮೊದಲ ಎರಡು ಬಾರಿ ಹಾರ್ಮನಿ ಒಂದೇ, ಎರಡನೆಯದರಲ್ಲಿ ಶ್ರುತಿ ಮಾತ್ರ ಅರ್ಧ ಸ್ವರ ಇಳಿದಿರುತ್ತದೆ. ಯೇಸು ಪ್ರಾಣಬಿಟ್ಟ ಬೆನ್ನಿಗೇ ಬರುವ ಕೊನೆಯ ಬಾರಿ, ಮೇಲಿನ ಮಟ್ಟು ಅದೇ ಆಗಿದ್ದರೂ ಬಾಖ್ ಅದರ ಕೆಳಗಿನ ಮೂರು ದನಿಗಳನ್ನು ಹೊಸದಾಗಿ ಬರೆದಿದ್ದಾನೆ. ಐದನ್ನೂ ಒಂದರ ಪಕ್ಕ ಒಂದಿಟ್ಟು, ಬಾಸ್ ಎಲ್ಲೆಲ್ಲಿ ಬೇರೆ ದಾರಿ ಹಿಡಿಯುತ್ತದೆಂಬುದನ್ನು ಗುರುತು ಹಾಕಿಕೊಳ್ಳುತ್ತ ಕೇಳಿ.